ಓಬಳೇಶಪ್ಪನ ನೆರಳು

ಹಸಿರು ದೀಪ ಹತ್ತದೆ ಮರಡಿಪುರದಲ್ಲಿ ಸರ್ಕಾರದ ಒಂದು ಅಕ್ಷರವೂ ಹೊರಗೆ ಬೀಳುತ್ತಿರಲಿಲ್ಲ. ಪಿಂಚಣಿಯ ಸುದ್ದಿಯಿರಲಿ, ನಲ್ಲಿಗೆ ನೀರು ಬಿಡುವ ವೇಳೆಯಿರಲಿ, ಬೀದಿನಾಯಿ ಹಿಡಿಯುವ ಪ್ರಕಟಣೆಯಿರಲಿ, ಎಲ್ಲವೂ ಮೊದಲು ಕೈಮರವನ್ನು ದಾಟಿ ಬರಬೇಕಿತ್ತು. ಕೈಮರ ಎಂದರೆ ಸರ್ಕಾರದ ವೆಬ್‌ಸೈಟುಗಳಿಗೆಲ್ಲ ಬರಹ, ಚಿತ್ರ, ನಕ್ಷೆಗಳನ್ನು ಏರಿಸುವ ವ್ಯವಸ್ಥೆ. ಹಿಂದೆ ಇಂಥ ವ್ಯವಸ್ಥೆಗಳಲ್ಲಿ ಯಾರು ಬೇಕಾದರೂ ಏನು ಬೇಕಾದರೂ ಏರಿಸಿ ಕೈತೊಳೆದುಕೊಳ್ಳುತ್ತಿದ್ದರು. ಕಣ್ಣಿದ್ದವರಿಗೆ ಕಂಡಿತು, ಇಲ್ಲದವರ ಪಾಡು ಅವರಿಗೆ. ಓದುಹಕ್ಕಿನ ಕಾಯ್ದೆ ಬಂದ ಮೇಲೆ ಆ ಆಟ ನಿಂತಿತು. ಕಣ್ಣು ಕಾಣದವರಿಗೆ ದನಿಯಾಗಿ, ಕಿವಿ ಕೇಳದವರಿಗೆ ಸನ್ನೆಯಾಗಿ, ಕೈ ನಡುಗುವವರಿಗೆ ಒಂದೇ ಬೆರಳಿಗೆ ಸಿಗುವಂತಾಗಿ, ಎಲ್ಲರಿಗೂ ಒಂದೇ ಗಳಿಗೆಯಲ್ಲಿ ತಲುಪದ ಪುಟ ಯಾರಿಗೂ ತಲುಪಕೂಡದು ಎಂದಿತು ಕಾಯ್ದೆ.

ತಲುಪುತ್ತದೋ ಇಲ್ಲವೋ ಎಂದು ನೋಡಲು ಕೈಮರದೊಳಗೆ ನೆರಳುಗಳಿದ್ದವು. ನೆರಳು ಎಂದರೆ ಬದುಕಿರುವ ಒಬ್ಬ ಮನುಷ್ಯನ ಓದಿನ ಪಡಿಯಚ್ಚು. ಆ ಮನುಷ್ಯನ ಮನೆಯಲ್ಲಿ ಒಂದು ಓದುಪೆಟ್ಟಿಗೆ ಇಡುತ್ತಿದ್ದರು. ಅದು ಅವನಿಗೆ ಪುಟಗಳನ್ನು ಓದಿ ಹೇಳುತ್ತ, ಅವನು ಎಲ್ಲಿ ತಡೆದ, ಎಲ್ಲಿ ಹಿಂದಕ್ಕೆ ಹೋದ, ಎಲ್ಲಿ ಉಸಿರು ಬಿಗಿಹಿಡಿದ ಎಂದು ತಿಂಗಳುಗಟ್ಟಲೆ ಗಮನಿಸುತ್ತಿತ್ತು. ಪ್ರತಿ ಪುಟದ ಕೊನೆಗೆ 'ತಿಳಿಯಿತೇ?' ಎಂದು ಕೇಳುತ್ತಿತ್ತು. ಅವನ ಉತ್ತರಕ್ಕೆ ಉಳಿದೆಲ್ಲಕ್ಕಿಂತ ಹೆಚ್ಚು ತೂಕ. ಕಣ್ಣಿಲ್ಲದವನಿಗೆ ಏನು ತಿಳಿಯಿತು ಎಂಬುದನ್ನು ಕಣ್ಣಿದ್ದವರು ತೀರ್ಮಾನಿಸಬಾರದು, ಅವನ ಮಾತೇ ಕೊನೆ ಎಂದು ಎಂಜಿನಿಯರುಗಳು ಗೌರವದಿಂದ ಹಾಗೆ ಮಾಡಿದ್ದರು. ಯಾರೂ ಆಕ್ಷೇಪಿಸಲಾಗದಂಥ ಒಳ್ಳೆಯ ನಿಯಮ ಅದು.

ನೆರಳುಗಳಿಗೆ ತಿಳಿದರೆ ಹಸಿರು. ಹಸಿರು ಬಂದ ಕೂಡಲೇ ಪುಟಕ್ಕೆ ಬೀಗ ಬೀಳುತ್ತಿತ್ತು, ಒಪ್ಪಿಗೆಯಾದ ಮೇಲೆ ಯಾವ ಅಧಿಕಾರಿಯೂ ಕೈಚಳಕ ತೋರಿಸದಿರಲಿ ಎಂದು. ಒಂದು ನೆರಳಿಗೆ ತಿಳಿಯದಿದ್ದರೂ ಕೆಂಪು. ಆಗ ಕೈಮರವೇ ಆ ಪುಟವನ್ನು ಒಡೆದು, ಎಲ್ಲರಿಗೂ ತಿಳಿಯುವವರೆಗೆ ಮತ್ತೆ ಕಟ್ಟುತ್ತಿತ್ತು.

ಜಿಲ್ಲಾ ನಿಯಂತ್ರಣ ಕೊಠಡಿಯಲ್ಲಿ ಸಿಂಚನಾ ಮಾನದಂಡ ಅಧಿಕಾರಿ. ಹೆಸರು ಕೇಳಿದರೆ ದೊಡ್ಡ ಹುದ್ದೆ ಅನ್ನಿಸಬೇಕು. ಕೆಲಸ ಮಾತ್ರ ಹಸಿರು ಕಂಡಾಗ ಗುಂಡಿ ಒತ್ತುವುದು. ಇದಕ್ಕೆ ಸಾಕಿದ ಗಿಳಿಯೂ ಸಾಕು ಎಂದು ಅವಳೇ ನಗುತ್ತಿದ್ದಳು. ಅವಳ ಇನ್ನೊಂದು ಹೆಮ್ಮೆ, ಕಣ್ಣು ಕಾಣದವರ ಪರವಾಗಿ ಓದುವ ನೆರಳು ಅವಳ ಸೋದರಮಾವ ಓಬಳೇಶಪ್ಪನದು. ಆ ಯೋಜನೆ ಶುರುವಾದಾಗ ಅದು ಅವಳ ಮೊದಲ ಕೆಲಸ. ಬೇರೆ ಯಾರೂ ಸಿಗದೆ ಮಾವನನ್ನೇ ಕೂರಿಸಿ ಸಂಜೆ ಸಂಜೆ ಓದಿಸಿದ್ದಳು.

ಮೊದಮೊದಲು ಬೇರೆ ಬೇರೆ ಜಿಲ್ಲೆಗಳಲ್ಲಿ ಬೇರೆ ನೆರಳುಗಳಿದ್ದವು. ಅವು ಕೊಸರಾಡುತ್ತಿದ್ದವು, ಮಾತುಮಾತಿಗೆ ಕೆಂಪು ಹಚ್ಚಿ ಕಡತಗಳನ್ನು ವಾರಗಟ್ಟಲೆ ತಡೆಯುತ್ತಿದ್ದವು. ಓಬಳೇಶಪ್ಪನ ನೆರಳಿನದು ತಕರಾರಿಲ್ಲದ ಸ್ವಭಾವ, ಕೆಲಸ ಚುರುಕು. ಒಂದೊಂದೇ ಇಲಾಖೆ ಸದ್ದಿಲ್ಲದೆ ಅದಕ್ಕೆ ಬದಲಾಯಿಸಿಕೊಂಡು, ಕೊನೆಗೆ ಇಡೀ ರಾಜ್ಯವೇ ಅವನ ಕಿವಿಯಿಂದ ಕೇಳತೊಡಗಿತು. ಮಾವನಿಗೆ ಇದನ್ನು ಹೇಳಿದಾಗ, "ನನ್ನಿಂದ ನಾಕು ಜನಕ್ಕೆ ಉಪಯೋಗ ಆದ್ರೆ ಆಯ್ತು ಬಿಡವ್ವ" ಎಂದು ಸಂಕೋಚಪಟ್ಟಿದ್ದ.

ಓಬಳೇಶಪ್ಪ ಹುಟ್ಟಿನಿಂದ ಕಣ್ಣು ಕಾಣದವನು. ಬ್ಯಾಂಕೊಂದರಲ್ಲಿ ಟೆಲಿಫೋನ್ ಆಪರೇಟರ್ ಆಗಿ ದುಡಿದು ನಿವೃತ್ತನಾಗಿದ್ದ. ತಾಯಿಯಿಲ್ಲದ ಸಿಂಚನಾಳನ್ನು ಸಾಕಿದವನು ಅವನೇ, ಈಗ ಅವಳ ಜೊತೆಗೇ ಇದ್ದ. ಯಾರಿಗೂ ತೊಂದರೆ ಕೊಡಬಾರದು ಎಂಬುದೊಂದೇ ಅವನ ಜೀವನದ ಕಾನೂನು. ಬಸ್ಸಿನವನು ಬೇರೆ ನಿಲ್ದಾಣದಲ್ಲಿ ಇಳಿಸಿ ಹೋದರೂ, "ಪರವಾಗಿಲ್ಲ ಬಿಡು, ಕಾಲಿಗೆ ವ್ಯಾಯಾಮ ಆಯ್ತು" ಎನ್ನುತ್ತಿದ್ದ. ರಸ್ತೆ ದಾಟಿಸುತ್ತೇನೆಂದು ಯಾರೋ ಕೈಹಿಡಿದು ಬೇಡದ ಕಡೆಗೆ ದಾಟಿಸಿಬಿಟ್ಟರೆ, ಅವರು ಹೋಗುವ ತನಕ ಕಾದು, ಮತ್ತೆ ತಾನೇ ಈಚೆ ದಾಟಿಕೊಂಡು ಬರುತ್ತಿದ್ದ. ಅವರ ಮನಸ್ಸಿಗೆ ನೋವಾಗಬಾರದಲ್ಲ.

ಆ ದಿನ ಬೆಳಗ್ಗೆ ಸಿಂಚನಾ ಡಬ್ಬಿಗೆ ಚಿತ್ರಾನ್ನ ತುಂಬಿಕೊಳ್ಳುತ್ತಿದ್ದಾಗ ಅವನು ವಿದ್ಯುತ್ ಇಲಾಖೆಯ ಹೊಸ ಪುಟ ಕೇಳುತ್ತಿದ್ದ. ಪೆಟ್ಟಿಗೆ "ಕೋಷ್ಟಕ, ಚಿತ್ರ, ಚಿತ್ರ, ಇಲ್ಲಿ ಒತ್ತಿ, ಇಲ್ಲಿ ಒತ್ತಿ" ಎಂದು ಒದರಿ ಕೊನೆಗೆ ತಿಳಿಯಿತೇ ಎಂದಿತು. ಓಬಳೇಶಪ್ಪ "ತಿಳೀತಪ್ಪ" ಎಂದ. ಸಿಂಚನಾಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ಹೊತ್ತಾಯಿತೆಂದು ಚಪ್ಪಲಿ ಮೆಟ್ಟಿ ಹೊರಟಳು.

ಅವಳು ಕುರ್ಚಿಯಲ್ಲಿ ಕೂತು ಇನ್ನೂ ಬೆನ್ನು ಒರಗಿಸಿರಲಿಲ್ಲ, ನೀರು ಶುದ್ಧೀಕರಿಸುವ ಪಂಪ್‌ಹೌಸಿನಿಂದ ಫೋನು ಬಂತು. ಕ್ಲೋರಿನ್ ತುಂಬಿದ ದೊಡ್ಡ ಸಿಲಿಂಡರೊಂದರ ವಾಲ್ವ್ ಕಿತ್ತುಹೋಗಿತ್ತು. ಕ್ಲೋರಿನ್ ಗಾಳಿಗಿಂತ ಭಾರ. ಮೇಲೆ ಹೋಗಿ ಚದುರುವುದಿಲ್ಲ, ನೆಲ ಹಿಡಿದು ತಗ್ಗಿನ ಕಡೆಗೆ ಹರಿಯುತ್ತದೆ, ಸಿಕ್ಕಿದವರ ಶ್ವಾಸಕೋಶ ಸುಡುತ್ತದೆ. ಗಾಳಿ ಪೂರ್ವಕ್ಕೆ ಬೀಸುತ್ತಿತ್ತು, ಪೂರ್ವಕ್ಕೆ ಮನೆಗಳೇ ಮನೆಗಳು.

ಕೊಠಡಿಯ ಮುಖ್ಯಸ್ಥ ಫಾಲಾಕ್ಷಯ್ಯ ಮೂವತ್ತು ವರ್ಷ ಸರ್ವಿಸ್ ಮಾಡಿದ ಗಟ್ಟಿ ಮನುಷ್ಯ. ಅಗ್ನಿಶಾಮಕದವರಿಗೆ, ಆಸ್ಪತ್ರೆಗೆ, ಪೊಲೀಸರಿಗೆ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದರು. ಗಾಳಿಯ ಅಳತೆ ಹಿಡಿದು ಕೈಮರ ತಾನೇ ನಕ್ಷೆ ಬರೆಯಿತು. ಗೋಡೆಯ ಪರದೆಯ ಮೇಲೆ ಊರು ಎರಡು ಬಣ್ಣವಾಯಿತು. ಕೆಳಗೆ ಬರಹ:

'ಎಚ್ಚರಿಕೆ. ನಕ್ಷೆಯಲ್ಲಿ ತೋರಿಸಿರುವ ಸ್ಥಳದಲ್ಲಿ ಕ್ಲೋರಿನ್ ಅನಿಲ ಸೋರಿಕೆಯಾಗಿದೆ. ಕೆಂಪು ಭಾಗದಲ್ಲಿರುವವರು ಕೂಡಲೇ ಬಾಣದ ಗುರುತಿನ ದಿಕ್ಕಿಗೆ ಹೊರಡಿ. ಹಸಿರು ಭಾಗದವರು ಕಿಟಕಿ, ಬಾಗಿಲು ಭದ್ರಪಡಿಸಿ ಮೇಲಂತಸ್ತಿನಲ್ಲಿರಿ. ಹೊರಗೆ ಬಂದರೆ ಜೀವಕ್ಕೆ ಅಪಾಯ.'

ನೆರಳುಗಳು ಓದಿದವು. ಹಸಿರು ದೀಪ ಹತ್ತಿತು, ಬೀಗ ಬಿತ್ತು. ಸಿಂಚನಾಳ ಬೆರಳು ಅಭ್ಯಾಸಬಲದಿಂದ ಗುಂಡಿಯ ಮೇಲೆ ಹೋಯಿತು. ಅವಳ ಕಣ್ಣು ಮಾತ್ರ ನಕ್ಷೆಯಲ್ಲಿ ತನ್ನ ಮನೆಯನ್ನು ಹುಡುಕುತ್ತಿತ್ತು. ಸಿಕ್ಕಿತು, ಹಸಿರಿನ ಅಂಚಿನಲ್ಲಿತ್ತು. ಮಾವ ಒಳಗಿದ್ದರೆ ಸಾಕು ಎಂದು ಉಸಿರು ಬಿಟ್ಟಳು. ಬಿಟ್ಟ ಉಸಿರು ಅರ್ಧಕ್ಕೇ ನಿಂತಿತು. ಮಾವನಿಗೆ ಯಾವ ಹಸಿರು, ಯಾವ ಕೆಂಪು?

ಬೆರಳು ತೆಗೆದು, ಮಾವನ ನೆರಳು ಆ ಪುಟವನ್ನು ಓದಿದ ಬಗೆಯನ್ನು ತೆರೆದು ನೋಡಿದಳು. ಅವಳು ಎಷ್ಟೋ ವರ್ಷದಿಂದ ಅದನ್ನು ತೆರೆದಿರಲಿಲ್ಲ, ಹಸಿರು ಬಂದ ಪುಟದಲ್ಲಿ ನೋಡುವುದೇನಿರುತ್ತದೆ? ನಕ್ಷೆಯ ಜಾಗದಲ್ಲಿ ನೆರಳಿಗೆ ಕೇಳಿಸಿದ್ದು 'ನಕ್ಷೆ: ಅನಿಲ ಸೋರಿಕೆ ಪ್ರದೇಶ' ಎಂಬ ಮಾತಷ್ಟೆ. ಅಲ್ಲಿ ಅದು ತಡೆದಿತ್ತು. ಹಿಂದಕ್ಕೆ ಹೋಗಿ ಮತ್ತೆ ಕೇಳಿತ್ತು. ಬಾಣ ಎಲ್ಲಿದೆ ಎಂದು ಪುಟದ ತಳದವರೆಗೂ ತಡಕಾಡಿತ್ತು, ಮತ್ತೆ ಮೇಲೆ ಬಂದಿತ್ತು, ಉಸಿರು ಬಿಗಿಹಿಡಿದಿತ್ತು. ಇಷ್ಟೆಲ್ಲ ಆದ ಮೇಲೆ ಅದರ ಉತ್ತರ: ತಿಳಿಯಿತು, ಪರವಾಗಿಲ್ಲ.

ಬಸ್ಸಿನಿಂದ ಬೇರೆ ಕಡೆ ಇಳಿದು ನಗುನಗುತ್ತ ನಡೆದು ಬರುವ ಮನುಷ್ಯ ಅಲ್ಲಿ ಅಚ್ಚೊತ್ತಿದಂತೆ ಕೂತಿದ್ದ. ಯಂತ್ರ ಮಾವನ ಓದನ್ನು ಕಲಿತಿತ್ತು, ಜೊತೆಗೆ ಅವನ ದಾಕ್ಷಿಣ್ಯವನ್ನೂ ಕಲಿತಿತ್ತು.

"ಒತ್ತಮ್ಮ, ಇನ್ನೇನು ನೋಡ್ತಿದ್ದೀಯ?" ಫಾಲಾಕ್ಷಯ್ಯ ಹಿಂದೆ ಬಂದು ನಿಂತರು.

"ಸಾರ್, ಇದು ಕಣ್ಣು ಕಾಣದವರಿಗೆ ತಿಳಿಯಲ್ಲ. ಎಲ್ಲಾ ಬಣ್ಣದಲ್ಲಿದೆ, ಬಾಣದಲ್ಲಿದೆ."

"ಹಸಿರು ಬಂದಿದೆಯಲ್ಲ."

"ಬರಬಾರದಿತ್ತು. ನೆರಳು ತಿಳಿಯದೇ ಇದ್ರೂ ತಿಳಿಯಿತು ಅಂದಿದೆ."

"ಹಂಗಾದ್ರೆ ತಿದ್ದು."

"ಬೀಗ ಬಿದ್ದಿದೆ ಸಾರ್. ದೀಪ ಕೆಂಪಾದ್ರೆ ಮಾತ್ರ ಕೈಮರ ಬಿಚ್ಚುತ್ತೆ. ಕೈಯಲ್ಲಿ ಹೊಸದಾಗಿ ಬರೆಯೋಣ ಅಂದ್ರೆ, ಯಾವ ಮನೆ ಕೆಂಪು, ಯಾವುದು ಹಸಿರು ಅಂತ ಬೀದಿ ಬೀದಿ ಬರೆಯೋಕೆ ಮಧ್ಯಾಹ್ನ ಆಗುತ್ತೆ. ಅಷ್ಟರಲ್ಲಿ ಗಾಳಿ ತಿರುಗುತ್ತೆ."

ಫಾಲಾಕ್ಷಯ್ಯ ಪರದೆಯ ಕಡೆ ನೋಡಿದರು. "ಕಣ್ಣಿರೋರಿಗಾದ್ರೂ ಮೊದಲು ಹೋಗ್ಲಿ ಅಂದ್ರೆ ಕಾಯ್ದೆ ಬಿಡಲ್ಲ. ಫೋನಲ್ಲಿ ಒಬ್ಬರಿಗೆ ಮೊದಲೇ ಹೇಳೋ ಹಾಗೂ ಇಲ್ಲ. ಹೋದ್ರೆ ಎಲ್ಲರಿಗೂ ಇದೇ ಹೋಗಬೇಕು." ಆಮೇಲೆ ದನಿ ತಗ್ಗಿಸಿದರು. "ನನ್ನ ಮಗಳ ಶಾಲೆ ಕೆಂಪಿನಲ್ಲಿದೆ ಸಿಂಚನಾ."

ಒತ್ತಿದರೆ ಆ ಮಕ್ಕಳು ಕೂಡಲೇ ಹೊರಡುತ್ತಾರೆ. ಒತ್ತಿದರೆ ಊರಿನಲ್ಲಿ ಕಣ್ಣು ಕಾಣದವರು, ಮಂಜುಗಣ್ಣಿನ ಮುದುಕರು, ಬಣ್ಣ ಗುರುತಿಸಲಾಗದವರು, ಎಲ್ಲರೂ ತಮಗೆ ತೋಚಿದ ಕಡೆ ಹೊರಡುತ್ತಾರೆ. ಅವಳ ಬೀದಿಯಿಂದ ಹೊರಡುವ ದಾರಿ ಒಂದೇ, ಪಂಪ್‌ಹೌಸ್ ರಸ್ತೆ.

"ಒಂದು ದಾರಿ ಇದೆ ಸಾರ್. ನೆರಳಿನ ಮೂಲದವನೇ ಪುಟ ಕೇಳಿ ತಿಳಿಯಲಿಲ್ಲ ಅಂದ್ರೆ, ನೆರಳು ಅದನ್ನ ಕಲಿತು ಆ ಕ್ಷಣಕ್ಕೇ ಕೆಂಪಾಗುತ್ತೆ. ಮರುಪರೀಕ್ಷೆ ಅಂತ ನಿಯಮದಲ್ಲೇ ಇದೆ. ಮಾವನಿಗೆ ಫೋನ್ ಮಾಡ್ತೀನಿ."

ಫಾಲಾಕ್ಷಯ್ಯ ಗಡಿಯಾರ ನೋಡಿದರು. ಮುಂದಿನ ಗಾಳಿಯ ಅಳತೆ ಬರುವುದರಲ್ಲಿತ್ತು. "ಅಳತೆ ಬರೋವರೆಗೆ ಮಾತ್ರ. ಬಂದ ತಕ್ಷಣ ನಾನೇ ಒತ್ತುತ್ತೀನಿ. ಆಮೇಲೆ ನನ್ನನ್ನ ಬಯ್ಕೋಬೇಡ."

ಮರುಪರೀಕ್ಷೆಗೆ ಒಂದು ಕಟ್ಟುನಿಟ್ಟಾದ ನಿಯಮವಿತ್ತು. ಪುಟದಲ್ಲಿ ಇರುವುದನ್ನು ಕೇಳುಗನಿಗೆ ಯಾರೂ ಬಿಡಿಸಿ ಹೇಳಕೂಡದು. ಹೇಳಿದರೆ ಓದುಪೆಟ್ಟಿಗೆ ಅದನ್ನು ಕೇಳಿಸಿಕೊಂಡು ಪರೀಕ್ಷೆಯನ್ನೇ ರದ್ದು ಮಾಡುತ್ತದೆ. 'ಮಾವ, ಮನೆ ಬಿಟ್ಟು ಹೊರಗೆ ಬರಬೇಡ' ಎಂಬ ಒಂದು ಮಾತಿನಿಂದ ಅವಳು ಮಾವನನ್ನು ಉಳಿಸಿಕೊಳ್ಳಬಹುದಿತ್ತು. ಆ ಒಂದು ಮಾತಿನಿಂದಲೇ ಉಳಿದವರ ದಾರಿ ಮುಚ್ಚಿಹೋಗುತ್ತಿತ್ತು. ಅವಳು ಮನೆಗೆ ಫೋನು ಹಚ್ಚಿದಳು.

"ಹೇಳು ಪುಟ್ಟಿ," ಎಂದ ಓಬಳೇಶಪ್ಪ. ಹಿಂದೆ ಅವರೆಕಾಯಿ ಬಿಡಿಸಿ ತಟ್ಟೆಗೆ ಹಾಕುವ ಸದ್ದು.

"ಮಾವ, ನಿನ್ನ ಪೆಟ್ಟಿಗೆಗೆ ಒಂದು ಪುಟ ಕಳಿಸ್ತೀನಿ. ಈಗ್ಲೇ ಕೇಳು. ಫೋನ್ ಇಡಬೇಡ."

ಪೆಟ್ಟಿಗೆ ಓದಿತು. ಅವರೆಕಾಯಿಯ ಸದ್ದು ನಿಂತಿತು. 'ತಿಳಿಯಿತೇ?' ಎಂದಿತು ಪೆಟ್ಟಿಗೆ.

"ತಿಳೀತಪ್ಪ, ಪರವಾಗಿಲ್ಲ," ಎಂದ ಓಬಳೇಶಪ್ಪ. ಆಮೇಲೆ ಫೋನಿಗೆ, "ಅಲ್ಲವ್ವಾ, ಗ್ಯಾಸಂತೆ? ನೀನು ಹುಷಾರಾಗಿದೀಯಾ?"

ಗೋಡೆಯ ಮೇಲೆ ದೀಪ ಹಸಿರಾಗಿಯೇ ಉಳಿಯಿತು. ಸಿಂಚನಾ ಕಣ್ಣು ಮುಚ್ಚಿಕೊಂಡಳು. "ನಾನು ಹುಷಾರಾಗಿದೀನಿ. ಮಾವ, ನಿಂಗೆ ಏನು ತಿಳೀತು ಹೇಳು."

"ಗ್ಯಾಸು ಸೋರೈತೆ. ಕೆಂಪಿನೋರು ಹೋಗ್ಬೇಕು, ಹಸಿರಿನೋರು ಇರ್ಬೇಕು."

"ನೀನು ಯಾವುದ್ರಲ್ಲಿದೀಯ?"

ಅವರೆಕಾಯಿಯ ತಟ್ಟೆ ಪಕ್ಕಕ್ಕೆ ಸರಿಸಿದ ಸದ್ದು. "ಗ್ಯಾಸು ಅಂದ್ಮೇಲೆ ದೂರ ಹೋಗೋದೇ ಒಳ್ಳೇದಲ್ವೇ. ನೀನು ಯೋಚ್ನೆ ಮಾಡಬ್ಯಾಡ. ಆ ಪಂಪ್‌ಹೌಸ್ ರಸ್ತೆ ನಂಗೆ ಅಂಗೈ ಗೆರೆ ಇದ್ದಂಗೆ. ಕೋಲು ಹಿಡ್ಕೊಂಡು ನಿಧಾನಕ್ಕೆ ಹೋಗ್ತೀನಿ."

ಕುರ್ಚಿ ಸರಿದದ್ದು ಕೇಳಿಸಿತು. ಗೋಡೆಯ ಮೊಳೆಯಿಂದ ಕೋಲು ತೆಗೆದದ್ದು ಕೇಳಿಸಿತು. ಸಿಂಚನಾಳ ನಾಲಿಗೆಯ ತುದಿಯವರೆಗೆ ಮಾತು ಬಂತು, ಅವಳು ತುಟಿ ಕಚ್ಚಿದಳು. ಅವಳಿಗೆ ಕಿರುಚಬೇಕು ಅನ್ನಿಸುತ್ತಿತ್ತು. ಫಾಲಾಕ್ಷಯ್ಯ ಪಕ್ಕದಲ್ಲೇ ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದರು. ಅವರ ಕೈ ಗುಂಡಿಯ ಹತ್ತಿರವೇ ಇತ್ತು.

"ಮಾವ, ಒಂದು ನಿಮಿಷ. ನೀನು ಕೆಂಪಿನಲ್ಲಿದ್ದೀಯ ಅಂತ ಆ ಪುಟ ನಿಂಗೆ ಹೇಳ್ತಾ?"

"ಹೇಳಿರುತ್ತೆ ಕಣವ್ವ. ನಂಗೇ ಸರಿಯಾಗಿ ಕೇಳಿರಲ್ಲ. ನನ್ನೊಬ್ಬನಿಗೋಸ್ಕರ ನೀವೆಲ್ಲ ಕೆಲಸ ಬಿಟ್ಟು ಕೂತ್ಕೋಬ್ಯಾಡ್ರಿ."

"ನಿನ್ನೊಬ್ಬನಿಗೋಸ್ಕರ ಅಲ್ಲ ಮಾವ. ನೀನು ತಿಳೀತು ಅಂದ್ರೆ ಊರಲ್ಲಿ ಕಣ್ಣು ಕಾಣದೋರಿಗೆಲ್ಲ ತಿಳೀತು ಅಂತ ಯಂತ್ರ ಬರ್ಕೊಳ್ಳುತ್ತೆ. ನೀನು ಹೇಗೋ ನಿಭಾಯಿಸ್ತೀಯ. ಬೇರೆಯೋರು?"

ಬಾಗಿಲ ಚಿಲಕ ತೆಗೆದ ಸದ್ದು. ಸಿಂಚನಾ ಎದ್ದು ನಿಂತಳು.

"ಮಾವ, ಅಲ್ಲೇ ನಿಂತ್ಕೊಂಡು ಉತ್ತರ ಕೊಡು. ಆಗ ನಾನು ಸಂಜೆ ಸಂಜೆ ಓದಿಸ್ತಿದ್ದೆನಲ್ಲ. ಆಗ ನಿಂಗೆ ತಿಳೀತಿತ್ತಾ?"

ಓಬಳೇಶಪ್ಪನ ದನಿ ಬೇರೆಯಾಯಿತು.

"ನಾನು ಸುಳ್ಳು ಹೇಳ್ದೆ ಅಂತೀಯೇನವ್ವ?"

ಅವನಿಗೆ ನೋವಾಗಿತ್ತು. ಸಾಕಿದ ಮಾವನಿಗೆ ಅವಳು ಜನ್ಮದಲ್ಲಿ ಅಂಥ ಮಾತು ಆಡಿರಲಿಲ್ಲ. "ಹೌದಾ ಅಲ್ವಾ ಅಷ್ಟೇ ಹೇಳು ಮಾವ," ಎಂದಳು.

"ನಿಂಗೆ ಹೊಸ ಕೆಲ್ಸ. ದಿನಾ ಸುಸ್ತಾಗಿ ಬರ್ತಿದ್ದೆ. ನಾನು ತಿಳೀಲಿಲ್ಲ ಅಂದಾಗೆಲ್ಲ ಮತ್ತೆ ಮೊದ್ಲಿಂದ ಓದಿಸ್ಬೇಕಿತ್ತು, ನಿಮ್ಮ ಸಾಹೇಬ ಫೋನ್ ಮಾಡಿ ರೇಗ್ತಿದ್ದ. ನಂಗೆ ಕೇಳ್ತಿತ್ತಲ್ಲ ಎಲ್ಲಾ. ನನ್ನಿಂದ ನಿಂಗ್ಯಾಕೆ ಬೈಗುಳ ಅಂತ..." ಅವನು ನಿಲ್ಲಿಸಿದ. "ಬ್ಯಾಂಕಲ್ಲೂ ಹಂಗೇ. ತಿಳೀಲಿಲ್ಲ ಅಂದ್ರೆ, ಕುರುಡನ್ನ ಯಾಕಾದ್ರೂ ಕೆಲ್ಸಕ್ಕೆ ಇಟ್ಕೊಂಡ್ವಪ್ಪಾ ಅಂತಾರೆ. ತಿಳೀತು ಅಂದ್ರೆ ಎಲ್ಲಾರೂ ಸುಮ್ನಾಗ್ತಾರೆ. ಅದೇ ಬಾಯಿಗೆ ಬಂದ್ಬಿಟ್ಟೈತೆ."

ಪಕ್ಕದ ಮೇಜಿನಲ್ಲಿ ಗಾಳಿಯ ಅಳತೆ ಬಂದ ಗಂಟೆ ಹೊಡೆಯಿತು. ಫಾಲಾಕ್ಷಯ್ಯ ಪರದೆ ನೋಡಿದರು, ಸಿಂಚನಾಳ ಮುಖ ನೋಡಿದರು. ಒತ್ತಲಿಲ್ಲ. ಇನ್ನೊಮ್ಮೆ ಎಂಬಂತೆ ಕೈಸನ್ನೆ ಮಾಡಿದರು.

ಸಿಂಚನಾ ಪುಟವನ್ನು ಮತ್ತೆ ಓದಿಸಿದಳು. 'ನಕ್ಷೆ: ಅನಿಲ ಸೋರಿಕೆ ಪ್ರದೇಶ' ಎಂದಿತು ಪೆಟ್ಟಿಗೆ. ಕೆಂಪು ಎಂದಿತು, ಬಾಣ ಎಂದಿತು. ಎಲ್ಲ ಮುಗಿಸಿ, ಎಂದಿನ ನಯವಾದ ದನಿಯಲ್ಲಿ, 'ತಿಳಿಯಿತೇ?' ಎಂದಿತು.

"ಇಲ್ಲ," ಎಂದ ಓಬಳೇಶಪ್ಪ.

ಆ ಮಾತು ಆಡಿ ರೂಢಿಯಿಲ್ಲದ್ದಕ್ಕೋ ಏನೋ, ಇನ್ನೊಮ್ಮೆ ಹೇಳಿದ. "ಇಲ್ಲಪ್ಪ, ತಿಳೀಲಿಲ್ಲ. ಯಾವ ಕಡೆ ಗ್ಯಾಸು ಅಂತ ತಿಳೀಲಿಲ್ಲ. ನಾನು ಹೋಗ್ಬೇಕೋ ಇರ್ಬೇಕೋ ತಿಳೀಲಿಲ್ಲ. ನಂಗೇನೂ ತಿಳೀಲಿಲ್ಲ."

ಗೋಡೆಯ ಮೇಲೆ ದೀಪ ಕೆಂಪಾಯಿತು. ಬೀಗ ಬಿಚ್ಚಿಕೊಂಡು ಕೈಮರ ಪುಟವನ್ನು ಚೂರು ಚೂರು ಮಾಡಿತು. ನಕ್ಷೆಯ ಬಣ್ಣಗಳು ಕರಗಿ ಬೀದಿಯ ಹೆಸರುಗಳಾದವು, ಬಾಣ ಹೋಗಿ ಎಡ ಬಲಗಳಾದವು, ಪ್ರತಿ ಮನೆಗೂ ಆ ಮನೆಯ ಹೊಸ್ತಿಲಿನಿಂದಲೇ ಶುರುವಾಗುವ ಮಾತು ಹುಟ್ಟಿತು. ನೆರಳುಗಳು ಓದಿದವು. ಈ ಸಲ ಎಲ್ಲಿಯೂ ತಡೆಯಲಿಲ್ಲ. ಹಸಿರು ಬಂದ ತಕ್ಷಣ ಫಾಲಾಕ್ಷಯ್ಯನವರೇ ಗುಂಡಿ ಒತ್ತಿದರು, ಒತ್ತಿದ ಕೈಯಲ್ಲೇ ಮಗಳ ಶಾಲೆಗೆ ಫೋನು ಹಚ್ಚಿದರು.

ಸಿಂಚನಾಳ ಕಿವಿಯಲ್ಲಿದ್ದ ಫೋನಿನಿಂದ ಮನೆಯ ಪೆಟ್ಟಿಗೆಯ ದನಿ ಬಂತು. 'ಓಬಳೇಶಪ್ಪನವರೇ, ಪಂಪ್‌ಹೌಸಿನಲ್ಲಿ ವಿಷಾನಿಲ ಸೋರಿದೆ. ನೀವು ಮನೆಯಿಂದ ಹೊರಗೆ ಬರಬೇಡಿ. ಬಾಗಿಲು ಹಾಕಿ, ಅದರ ಸಂದಿಗೆ ಒದ್ದೆ ಬಟ್ಟೆ ಇಡಿ. ಎಡಗಡೆಯ ಮೆಟ್ಟಿಲು ಹತ್ತಿ ಮೇಲಿನ ಕೋಣೆಯಲ್ಲಿರಿ. ತಿಳಿಯಿತೇ?'

"ಹ್ಞೂಂ, ಇದು ತಿಳೀತು," ಎಂದ ಓಬಳೇಶಪ್ಪ. ಚಿಲಕ ಮತ್ತೆ ಬಿತ್ತು. ಸಿಂಚನಾ ಕುರ್ಚಿಯಲ್ಲಿ ಕುಸಿದು ಕೂತು, ಯಾರು ನೋಡಿದರೂ ಸರಿಯೆಂದು ಅತ್ತಳು.

ಅವಳು ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಕೊಠಡಿಯಲ್ಲಿ ಗುಜುಗುಜು ಎದ್ದಿತು. ಗೋಡೆಯ ಇನ್ನೊಂದು ಪರದೆಯಲ್ಲಿ ರಾಜ್ಯದ ಎಲ್ಲ ಇಲಾಖೆಗಳ ಪುಟಗಳ ದೀಪಗಳು ಸಾಲಾಗಿ ಇರುತ್ತಿದ್ದವು. ವರ್ಷಗಳಿಂದ ಅಲ್ಲಿ ಹಸಿರು ಬಿಟ್ಟರೆ ಬೇರೆ ಬಣ್ಣವನ್ನು ಯಾರೂ ಕಂಡಿರಲಿಲ್ಲ. ಈಗ ಅದರಲ್ಲೊಂದು ಕೆಂಪಾಗಿತ್ತು, ಅದರ ಪಕ್ಕದ್ದೂ ಆಯಿತು. ಪಿಂಚಣಿ ಕೆಂಪಾಯಿತು, ಪಡಿತರ ಕೆಂಪಾಯಿತು, ಆಸ್ಪತ್ರೆಯ ಚೀಟಿ, ಬಸ್ಸಿನ ವೇಳೆ, ಪರೀಕ್ಷೆಯ ಫಲಿತಾಂಶ, ಒಂದೊಂದೇ ಕೆಂಪಾಗುತ್ತ ಬಂದವು. ತಿಳಿಯದಿದ್ದರೆ ತಿಳಿಯಲಿಲ್ಲ ಎನ್ನಬಹುದು ಎಂದು ನೆರಳು ಕಲಿತಿತ್ತು, ಕಲಿತದ್ದನ್ನು ಎಲ್ಲ ಕಡೆಗೂ ಹಚ್ಚುತ್ತಿತ್ತು.

"ಇದೇನಮ್ಮ ಇದು?" ಎಂದರು ಫಾಲಾಕ್ಷಯ್ಯ.

"ಮೊದಲಿಂದ ಹೀಗೇ ಇತ್ತು ಸಾರ್," ಎಂದಳು ಸಿಂಚನಾ. "ನಮಗೆ ಈಗ ಕಾಣ್ತಿದೆ."

ಮಧ್ಯಾಹ್ನದ ಹೊತ್ತಿಗೆ ಅಗ್ನಿಶಾಮಕದವರು ನೀರು ಚಿಮ್ಮಿಸಿ ಅನಿಲಕ್ಕೆ ಅಡ್ಡ ತೆರೆ ಕಟ್ಟಿ ಸೋರಿಕೆ ಮುಚ್ಚಿದರು. ಪಂಪ್‌ಹೌಸಿನ ಕಾವಲುಗಾರ ಆಸ್ಪತ್ರೆಯಲ್ಲಿದ್ದ, ಉಸಿರಾಡುತ್ತಿದ್ದ. ತಡವಾದ್ದರಿಂದ ಶಾಲೆಯ ಕೆಲವು ಮಕ್ಕಳು ಕಣ್ಣುರಿ, ಕೆಮ್ಮು ಹಚ್ಚಿಕೊಂಡಿದ್ದರು. ಫಾಲಾಕ್ಷಯ್ಯನವರ ಮಗಳೂ ಅವರಲ್ಲಿ ಒಬ್ಬಳು. ಅವರು ಸಿಂಚನಾಳನ್ನು ಬಯ್ಯಲಿಲ್ಲ, ಮುಖ ಕೊಟ್ಟು ಮಾತಾಡಲೂ ಇಲ್ಲ. ಅವಳಿಗೆ ಅದನ್ನು ಹೊತ್ತುಕೊಂಡೇ ಮನೆಗೆ ಹೋಗಬೇಕಾಯಿತು.

ಮನೆಯಲ್ಲಿ ಓಬಳೇಶಪ್ಪ ಬಾಗಿಲಿನ ಬುಡದ ಒದ್ದೆ ಪಂಚೆಯನ್ನು ಹಿಂಡಿ ಒಣಹಾಕಿದ್ದ. ಕಾಫಿ ಕುಡಿಯುತ್ತಿದ್ದಾಗ ಫೋನು ಬಂತು. ರಾಜಧಾನಿಯಿಂದ, ಇಲಾಖೆಯ ಕಾರ್ಯದರ್ಶಿ. ಹಿರಿಯ ಹೆಂಗಸು, ದನಿಯಲ್ಲಿ ಸೌಜನ್ಯ ತುಂಬಿ ತುಳುಕುತ್ತಿತ್ತು. ಸಿಂಚನಾ ಫೋನನ್ನು ಇಬ್ಬರಿಗೂ ಕೇಳುವಂತೆ ಇಟ್ಟಳು.

"ಓಬಳೇಶಪ್ಪನವರೇ, ನಮಸ್ಕಾರ. ತಾವು ಇವತ್ತು ದೊಡ್ಡ ಉಪಕಾರ ಮಾಡಿದ್ದೀರಿ. ಆದರೆ ನೋಡಿ, ರಾಜ್ಯದ ಪುಟಗಳೆಲ್ಲ ಕೆಂಪಾಗಿ ನಿಂತುಬಿಟ್ಟಿವೆ. ಎಲ್ಲವನ್ನೂ ಮತ್ತೆ ಕಟ್ಟುವುದಕ್ಕೆ ತಿಂಗಳುಗಳೇ ಬೇಕು. ಜನಕ್ಕೆ ತೊಂದರೆ. ತಮ್ಮ ಹಳೆಯ ನೆರಳು ನಮ್ಮ ಹತ್ತಿರ ಇದೆ. ಸದ್ಯಕ್ಕೆ ಅದನ್ನೇ ಹಾಕಿಕೊಳ್ಳುತ್ತೇವೆ. ತಾವು ಬಾಯಿಮಾತಿನಲ್ಲಿ ಒಪ್ಪಿಗೆ ಕೊಟ್ಟರೆ ಸ್ವಲ್ಪ ದಿನ ಅಡ್ಜಸ್ಟ್ ಮಾಡಿಕೊಂಡ ಹಾಗೆ."

ಸಿಂಚನಾ ಮಾವನ ಮುಖ ನೋಡಿದಳು. ಅವನ ತುಟಿಗಳು ಆಗಲೇ ಆ ಹಳೆಯ ಮೆತ್ತನೆಯ ನಗುವಿಗೆ ಸಜ್ಜಾಗಿದ್ದವು. ಇಷ್ಟು ದೊಡ್ಡ ಹೆಂಗಸು ಇಷ್ಟು ಮರ್ಯಾದೆಯಿಂದ ಕೇಳಿದಾಗ ಅವನು ಇಲ್ಲವೆಂದದ್ದು ಯಾವತ್ತೂ ಇರಲಿಲ್ಲ. ಒಪ್ಪಿಕೊಂಡುಬಿಡುತ್ತಾನೆ ಎಂದು ಅವಳಿಗೆ ಖಾತ್ರಿಯಾಯಿತು. ತಾನು ಮಧ್ಯೆ ಬಾಯಿ ಹಾಕಬಾರದು, ಮಾತು ಅವನದೇ ಆಗಬೇಕು ಎಂದು ಸುಮ್ಮನಿದ್ದಳು.

"ತಾಯೀ," ಎಂದ ಓಬಳೇಶಪ್ಪ. ಕಾಫಿ ಲೋಟವನ್ನು ಕೆಳಗಿಟ್ಟ. "ಬೇಜಾರ್ ಮಾಡ್ಕೋಬ್ಯಾಡ್ರಿ. ಆಗಲ್ಲ."

ಆ ಕಡೆ ಕಾರ್ಯದರ್ಶಿಗೆ ಕೇಳಿಸಲಿಲ್ಲವೋ, ನಂಬಿಕೆಯಾಗಲಿಲ್ಲವೋ. "ಸ್ವಲ್ಪ ದಿನದ ಮಟ್ಟಿಗೆ ಅಷ್ಟೇ," ಎಂದರು.

"ಒಂದಿನಕ್ಕೂ ಆಗಲ್ಲ ತಾಯಿ. ಆ ಹಳೇವನು ನಿಮ್ ಮುಂದೆ ತಿಳೀತು ಅಂತಾನೆ, ಆಮೇಲೆ ಕೋಲು ಹಿಡ್ಕೊಂಡು ಗ್ಯಾಸಿನ ಕಡೀಕೇ ಹೋಗ್ತಾನೆ. ಅವನನ್ನ ನಂಬಬ್ಯಾಡ್ರಿ."

ಕಾರ್ಯದರ್ಶಿ ಇನ್ನೇನೋ ಹೇಳಲು ಹೊರಟು, ನಿಲ್ಲಿಸಿ, ಆಮೇಲೆ ಮಾತಾಡುತ್ತೇನೆಂದು ಫೋನು ಇಟ್ಟರು. ಓಬಳೇಶಪ್ಪ ಕೆಳಗಿಟ್ಟ ಕಾಫಿ ಲೋಟವನ್ನು ತಡವಿ ಮತ್ತೆ ಎತ್ತಿಕೊಂಡ.

"ಆ ಯಮ್ಮನಿಗೆ ಕೋಪ ಬಂತೇನವ್ವ?" ಎಂದು ಕೇಳಿದ.

"ಬಂದಿರಬಹುದು ಮಾವ."

"ಬರ್ಲಿ ಬಿಡು," ಎಂದ ಓಬಳೇಶಪ್ಪ.